ಕೇಳುವವರು ಯಾರು? ಧಾರವಾಡ ಸೀಮೆಯ ಕನ್ನಡ ತರಗತಿಯಲ್ಲಿ ಪ್ರಶ್ನೆಯ ಚರಿತ್ರೆ

ಕನ್ನಡದ 'ಕೇಳು' ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಕಿವಿಗೊಟ್ಟು ಆಲಿಸುವುದೂ ಕೇಳುವುದೇ, ಬಾಯಿಬಿಟ್ಟು ಪ್ರಶ್ನಿಸುವುದೂ ಕೇಳುವುದೇ. ಹುಬ್ಬಳ್ಳಿ-ಧಾರವಾಡ ಸೀಮೆಯ ಕನ್ನಡ ತರಗತಿಯ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಲ್ಲಿ ವಿದ್ಯಾರ್ಥಿಯ ಪಾಲಿಗೆ ಬಂದದ್ದು ಹೆಚ್ಚಾಗಿ ಮೊದಲನೆಯ ಅರ್ಥ. ಎರಡನೆಯದು ಮಾಸ್ತರರಲ್ಲಿ, ತಪಾಸಣೆಗೆ ಬಂದ ಸಾಹೇಬರಲ್ಲಿ, ಕೊನೆಗೆ ಪ್ರಶ್ನೆಪತ್ರಿಕೆಯಲ್ಲಿ ಉಳಿಯಿತು. ಆದರೆ ಇದೇ ಸೀಮೆಯಲ್ಲಿ ಪ್ರಶ್ನೆ ವಿದ್ಯಾರ್ಥಿಯ ಕೈಗೆ ದಾಟಿದ ಸಂದರ್ಭಗಳೂ ಇವೆ. ಕನ್ನಡದ ಸಂಶೋಧನೆ ಮತ್ತು ವಿಮರ್ಶೆ ದೊಡ್ಡ ಹೆಜ್ಜೆ ಇಟ್ಟದ್ದು ಅಂಥ ಸಂದರ್ಭಗಳಲ್ಲಿಯೇ.

ಸಾಲಿಯ ಹೊರಗಿನ ಸವಾಲು

ಪ್ರಶ್ನಿಸುವ ರೂಢಿ ಈ ನಾಡಿಗೆ ಇಂಗ್ಲಿಷ್ ಶಿಕ್ಷಣದೊಂದಿಗೆ ಬಂದದ್ದಲ್ಲ. ಉತ್ತರ ಕರ್ನಾಟಕದ ಲಾವಣಿ ಪರಂಪರೆಯಲ್ಲಿ ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಕ್ಷಗಳ ಹಾಡುಗಾರರು ಎದುರುಬದುರು ನಿಂತು ರಾತ್ರಿಯಿಡೀ ಹಾಡುತ್ತಾರೆ. ಒಂದು ಮೇಳ ಹಾಡಿನಲ್ಲಿ ಸವಾಲು ಎಸೆಯುತ್ತದೆ, ಇನ್ನೊಂದು ಮೇಳ ಹಾಡಿನಲ್ಲಿಯೇ ಜವಾಬು ಕೊಡಬೇಕು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ಶಿವ ಹಿರಿಯನೋ ಶಕ್ತಿ ಹಿರಿಯಳೋ ಎಂಬ ವಾದಕ್ಕೆ ಪುರಾಣದ ಆಧಾರ ಒದಗಿಸಬೇಕು, ಎದುರಾಳಿಯ ಆಧಾರ ಎಲ್ಲಿ ಸಡಿಲವಾಗಿದೆ ಎಂದು ತೋರಿಸಬೇಕು. ಸುತ್ತ ಕುಳಿತ ಊರ ಜನ ಯಾರ ಮಾತು ಗಟ್ಟಿ, ಯಾರದು ಜಾರಿತು ಎಂದು ತೂಗುತ್ತಾರೆ. ಅಕ್ಷರ ಬಾರದವರೂ ಈ ತೂಗುವಿಕೆಯಲ್ಲಿ ನುರಿತವರಾಗಿದ್ದರು.

ಶರಣ ಪರಂಪರೆಯಲ್ಲಿ ಪ್ರಶ್ನೆಯ ಸ್ಥಾನ ಇನ್ನೂ ಆಳವಾದದ್ದು. 12ನೇ ಶತಮಾನದ ವಚನಗಳನ್ನು ಸಂವಾದದ ಎಳೆಯಲ್ಲಿ ಪೋಣಿಸಿದ 'ಶೂನ್ಯಸಂಪಾದನೆ' ಮೊದಲಿನಿಂದ ಕೊನೆಯವರೆಗೆ ಪ್ರಶ್ನೋತ್ತರವೇ ಆಗಿದೆ. 15ನೇ ಶತಮಾನದಲ್ಲಿ ಮೊದಲು ಸಂಕಲನಗೊಂಡು ಮುಂದೆ ಬೇರೆಬೇರೆ ಪರಿಷ್ಕರಣಗಳಲ್ಲಿ ಬೆಳೆದ ಈ ಕೃತಿಯಲ್ಲಿ ಅಲ್ಲಮಪ್ರಭು ಯಾರನ್ನೂ ಅವರ ಹೆಸರು ನೋಡಿ ಒಪ್ಪುವುದಿಲ್ಲ. ಬಸವಣ್ಣ, ಸಿದ್ಧರಾಮ, ಮುಕ್ತಾಯಕ್ಕ, ಅಕ್ಕಮಹಾದೇವಿ ಎಲ್ಲರೂ ಆತನ ಪ್ರಶ್ನೆಗೆ ಎದುರು ನಿಂತು ತಮ್ಮ ಅನುಭವದಿಂದಲೇ ಉತ್ತರ ಕೊಡಬೇಕಾಗುತ್ತದೆ. ಮರುಪ್ರಶ್ನೆಗೂ ಅಲ್ಲಿ ಎಡೆಯಿದೆ. ಈ ಗ್ರಂಥವನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದು 1965ರಿಂದ 1972ರವರೆಗೆ ಪ್ರಕಟಿಸಿದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ವಚನಗಳ ಹಸ್ತಪ್ರತಿಗಳನ್ನು ಹುಡುಕಿ ಹುಡುಕಿ ಅಚ್ಚಿಗೆ ತಂದ ಫ.ಗು. ಹಳಕಟ್ಟಿ 1880ರಲ್ಲಿ ಹುಟ್ಟಿದ್ದೂ ಧಾರವಾಡದಲ್ಲಿಯೇ.

ಹುಬ್ಬಳ್ಳಿಯಲ್ಲಿ ನೆಲೆ ನಿಂತ ಸಿದ್ಧಾರೂಢರ (1836–1929) ಸುತ್ತ ಶಾಸ್ತ್ರಶ್ರವಣದ ಪರಂಪರೆ ಬೆಳೆಯಿತು. ಅಲ್ಲಿ ನಿಜಗುಣ ಶಿವಯೋಗಿಯ ಗ್ರಂಥಗಳ ಪಠಣ, ವಿವರಣೆ, ಶಂಕೆ, ಸಮಾಧಾನ ಎಂಬ ಕ್ರಮ ನಡೆಯುತ್ತಿತ್ತು. ಶ್ರವಣದ ನಂತರ ಮನನ ಬರಬೇಕು, ಮನನವೆಂದರೆ ಕೇಳಿದ್ದನ್ನು ಯುಕ್ತಿಯಿಂದ ಒರೆಗೆ ಹಚ್ಚುವುದು ಎಂಬುದು ವೇದಾಂತದ ಹಳೆಯ ಪಾಠಕ್ರಮ. ಶಂಕೆ ಎತ್ತುವುದು ಅಲ್ಲಿ ಶಿಷ್ಯನ ಕರ್ತವ್ಯವೇ ಹೊರತು ಉದ್ಧಟತನವಲ್ಲ.

ಗಾಂವಠಿ ಸಾಲಿ

ಊರಿನ ಸಾಲಿಯ ಕಥೆ ಬೇರೆ. ಸರಕಾರಿ ಶಾಲೆಗಳು ಬರುವ ಮೊದಲು ದೊಡ್ಡ ಹಳ್ಳಿಗಳಲ್ಲಿ ಐಗಳು ಅಥವಾ ಪಂತೋಜಿಗಳು ನಡೆಸುವ ಸಾಲಿಗಳಿದ್ದವು. ಗುಡಿಯ ಪೌಳಿ, ಮಠದ ಪಡಸಾಲೆ, ಸ್ಥಿತಿವಂತರ ಮನೆಯ ಕಟ್ಟೆ ಇವೇ ತರಗತಿಗಳು. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು, ಜಮಾಖರ್ಚಿನ ಲೆಕ್ಕ ಕಲಿಯುವುದು, ಮುಂದುವರಿದವರು 'ಅಮರಕೋಶ'ವನ್ನೋ 'ಜೈಮಿನಿ ಭಾರತ'ವನ್ನೋ 'ಬಸವಪುರಾಣ'ವನ್ನೋ ಬಾಯಿಪಾಠ ಮಾಡುವುದು ಅಲ್ಲಿಯ ಕ್ರಮ. ಐಗಳು ಹೇಳಿದ್ದನ್ನು ಹುಡುಗರು ಒಕ್ಕೊರಲಿನಿಂದ ಹೇಳುತ್ತಿದ್ದರು. ಹಿರಿಯ ಹುಡುಗ ಕಿರಿಯರಿಗೆ ಹೇಳಿಕೊಡುತ್ತಿದ್ದ.

ಈ ಕ್ರಮವನ್ನು ಬರೀ ಗಿಣಿಪಾಠವೆಂದು ತಳ್ಳಿಹಾಕುವುದು ತಪ್ಪು. ಅಚ್ಚಿನ ಪುಸ್ತಕವೇ ಇಲ್ಲದ ಕಾಲದಲ್ಲಿ ನೆನಪೇ ಗ್ರಂಥಾಲಯ. ಹೀಗೆ ಕಲಿತವರ ನಾಲಗೆಯ ಮೇಲೆ ನೂರಾರು ಷಟ್ಪದಿಗಳು ನಿಂತಿದ್ದವು, ಪುರಾಣ-ಪ್ರವಚನಗಳಲ್ಲಿ ಅವುಗಳ ಅರ್ಥ ಬಿಚ್ಚಿಕೊಳ್ಳುತ್ತಿತ್ತು. ಕೊರತೆ ಇದ್ದದ್ದು ಬೇರೆ ಕಡೆ. ಅರ್ಥವನ್ನು ಬಿಚ್ಚುವ ಹಕ್ಕು ಹಿರಿಯರದು, ಕಿರಿಯನದು ಒಪ್ಪಿಸುವ ಕೆಲಸ ಮಾತ್ರ ಎಂಬ ಕಟ್ಟುಪಾಡು ಅಲ್ಲಿತ್ತು. ಮರುಮಾತು ಆಡುವುದು ಗುರುವಿಗೆ ತಿರುಮಂತ್ರ ಹಾಕಿದಂತೆ. ಸಾಲಿಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕೊರತೆ. ಹೆಣ್ಣುಮಕ್ಕಳಿಗೂ ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ಪ್ರಶ್ನೆ ಕೇಳುವುದು ಅತ್ತಲಿರಲಿ, ಉತ್ತರ ಕೇಳಿಸಿಕೊಳ್ಳುವ ಅವಕಾಶವೂ ಇರಲಿಲ್ಲ.

ಕನ್ನಡ ತರಗತಿ ಹುಟ್ಟಿದ್ದು

1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡು ಧಾರವಾಡ ಸೀಮೆ ಮುಂಬಯಿ ಇಲಾಖೆಗೆ ಸೇರಿತು. ಕಚೇರಿಯ ವ್ಯವಹಾರ ಮರಾಠಿಯಲ್ಲಿ ಮುಂದುವರಿಯಿತು, ಸರಕಾರಿ ಶಾಲೆಗಳು ತೆರೆದಾಗ ಅಲ್ಲಿಯೂ ಮರಾಠಿಯೇ ಬಂತು. ಮನೆಯಲ್ಲಿ ಕನ್ನಡ ಆಡುವ ಹುಡುಗ ಸಾಲಿಯಲ್ಲಿ ಮರಾಠಿ ಪಾಠ ಒಪ್ಪಿಸಬೇಕಾಯಿತು. ಪ್ರಶ್ನೆ ಕೇಳಲು ಮೊದಲು ಮಾತು ಬೇಕು. ತನ್ನದಲ್ಲದ ಭಾಷೆಯಲ್ಲಿ ಕಲಿಯುವ ಮಗುವಿಗೆ ಒಪ್ಪಿಸುವುದು ಸಾಧ್ಯವಾಗುತ್ತದೆ, ಶಂಕೆ ಎತ್ತುವುದು ಕಷ್ಟವಾಗುತ್ತದೆ. ಈ ದೃಷ್ಟಿಯಿಂದ ಕನ್ನಡ ಶಾಲೆಗಾಗಿ ನಡೆದ ಹೋರಾಟವು ಪ್ರಶ್ನೆಯ ಚರಿತ್ರೆಯ ಮೊದಲ ಅಧ್ಯಾಯವೂ ಹೌದು.

ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1830ರ ಸುಮಾರಿಗೆ ಕನ್ನಡ ಶಾಲೆಗೆ ಆಸರೆಯಾದವರು. ಈ ಭಾಗದ ಶಾಸನಗಳನ್ನು ಪ್ರತಿ ಮಾಡಿಸಿ ಸಂಗ್ರಹಿಸಿದವರೂ ಅವರೇ. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದ ಬಾಸೆಲ್ ಮಿಶನ್ನಿನವರು ಕನ್ನಡದಲ್ಲಿಯೇ ಪಾಠ ಹೇಳಿದರು, ಪುಸ್ತಕ ಅಚ್ಚು ಹಾಕಿದರು. 1855ರಲ್ಲಿ ಮುಂಬಯಿ ಇಲಾಖೆಯಲ್ಲಿ ಶಿಕ್ಷಣ ಖಾತೆ ಸ್ಥಾಪನೆಯಾದ ಮೇಲೆ ಡಬ್ಲ್ಯೂ.ಎ. ರಸೆಲ್ ಅವರಂಥ ಅಧಿಕಾರಿಗಳ ಬೆಂಬಲದಿಂದ, ಡೆಪ್ಯುಟಿ ಚನ್ನಬಸಪ್ಪನವರ (1834–1881) ದುಡಿಮೆಯಿಂದ ಮರಾಠಿ ಶಾಲೆಗಳು ಕನ್ನಡ ಶಾಲೆಗಳಾಗತೊಡಗಿದವು. ಶಿಕ್ಷಕರನ್ನು ತಯಾರು ಮಾಡುವ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿ, ನಂತರ ಡೆಪ್ಯುಟಿ ಇನ್ಸ್‌ಪೆಕ್ಟರರಾಗಿ ಚನ್ನಬಸಪ್ಪ ಊರೂರು ತಿರುಗಿದರು. ವೆಂಕಟ ರಂಗೋ ಕಟ್ಟಿ, ಗಂಗಾಧರ ಮಡಿವಾಳೇಶ್ವರ ತುರಮರಿ, ಚುರಮುರಿ ಶೇಷಗಿರಿರಾಯರು ಈ ಪೀಳಿಗೆಯವರು. ಪಠ್ಯಪುಸ್ತಕ ಬರೆಯುವುದು, ಅನುವಾದ ಮಾಡುವುದು, ಶಿಕ್ಷಕರಿಗಾಗಿ ಪತ್ರಿಕೆ ನಡೆಸುವುದು ಎಲ್ಲವನ್ನೂ ಶಿಕ್ಷಣ ಖಾತೆಯ ಸುತ್ತಲಿದ್ದ ಇಂಥವರೇ ಮಾಡಿದರು.

ತಪಾಸಣೆಯ ಪ್ರಶ್ನೆ

ಸರಕಾರಿ ಶಾಲೆಯೊಂದಿಗೆ ಹೊಸ ಬಗೆಯ ಪ್ರಶ್ನೆಯೊಂದು ತರಗತಿಗೆ ಬಂತು. ಅದು ತಪಾಸಣೆಯ ಪ್ರಶ್ನೆ. ಮುಂಬಯಿ ಇಲಾಖೆಯಲ್ಲಿ 1860ರ ದಶಕದಿಂದ ಖಾಸಗಿ ಶಾಲೆಗಳ ಅನುದಾನವನ್ನು ಮಕ್ಕಳ ಪರೀಕ್ಷೆಯ ಫಲಿತಾಂಶಕ್ಕೆ ತಕ್ಕಂತೆ ಕೊಡುವ ಪದ್ಧತಿ ನಡೆಯಿತು. ಇನ್ಸ್‌ಪೆಕ್ಟರ ಸಾಹೇಬರು ಬಂದು ಒಬ್ಬೊಬ್ಬ ಹುಡುಗನನ್ನೂ ಎಬ್ಬಿಸಿ ಓದಿಸುತ್ತಿದ್ದರು, ಶಬ್ದಾರ್ಥ ಕೇಳುತ್ತಿದ್ದರು, ಉಕ್ತಲೇಖನ ಬರೆಸುತ್ತಿದ್ದರು. ಎಷ್ಟು ಮಕ್ಕಳು ಸರಿಯಾಗಿ ಹೇಳಿದರು ಎಂಬುದರ ಮೇಲೆ ಶಾಲೆಯ ಹಣ ನಿಂತಿತ್ತು. ಹೀಗಿರುವಾಗ ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ ಕೇಳುವುದು, ಅದೇ ಉತ್ತರವನ್ನು ತಿದ್ದಿ ತೀಡಿ ಬಾಯಿಗೆ ಕೂರಿಸುವುದು ಮಾಸ್ತರರಿಗೆ ಅನಿವಾರ್ಯವಾಯಿತು.

ಮಿಶನ್ ಶಾಲೆಗಳಲ್ಲಿ ಧರ್ಮಪಾಠ ಪ್ರಶ್ನೋತ್ತರದ ರೂಪದಲ್ಲಿತ್ತು. ಇತಿಹಾಸ, ಭೂಗೋಳ, ವ್ಯಾಕರಣಗಳನ್ನೂ ಇದೇ ರೂಪದಲ್ಲಿ ಕಲಿಸುವ ರೂಢಿ ಹರಡಿತು. ನಾಮಪದವೆಂದರೇನು ಎಂಬ ಪ್ರಶ್ನೆಯೂ ಅದರ ಉತ್ತರವೂ ಪುಸ್ತಕದಲ್ಲಿಯೇ ಅಚ್ಚಾಗಿರುತ್ತಿದ್ದವು. ನೋಡಲು ಇದು ಸಂವಾದದಂತೆ ಇದ್ದರೂ ಮಗು ಎರಡನ್ನೂ ಒಟ್ಟಿಗೆ ಬಾಯಿಪಾಠ ಮಾಡುತ್ತಿತ್ತು. ಲಾವಣಿಯ ಸವಾಲಿಗೆ ಜವಾಬು ಏನು ಬರುತ್ತದೆ ಎಂದು ಕೇಳಿದವನಿಗೂ ಗೊತ್ತಿರುವುದಿಲ್ಲ. ಪುಸ್ತಕದ ಪ್ರಶ್ನೆಗೆ ಉತ್ತರ ಮುಂಚೆಯೇ ನಿಗದಿಯಾಗಿತ್ತು. ಸಾಲಿಯ ಒಳಗಿನ ಪ್ರಶ್ನೆಗೂ ಹೊರಗಿನ ಪ್ರಶ್ನೆಗೂ ನಡುವಿನ ಅಂತರ ಇದು.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಈ ಪದ್ಧತಿಯ ತುದಿ. ಮುಲ್ಕಿ ಪಾಸಾದವರಿಗೆ ಶಿಕ್ಷಕ, ತಲಾಟಿ, ಕಾರಕೂನ ಮುಂತಾದ ನೌಕರಿಗಳ ದಾರಿ ತೆರೆಯುತ್ತಿತ್ತು. ಒಕ್ಕಲುತನದ ಮನೆಗಳಿಂದ ಬಂದ ಎಷ್ಟೋ ಹುಡುಗರ ಬದುಕನ್ನು ಈ ಪರೀಕ್ಷೆ ಬದಲಿಸಿತು. ಅದರ ಬೆಲೆ ಅಷ್ಟು ದೊಡ್ಡದಾಗಿದ್ದರಿಂದಲೇ ಪರೀಕ್ಷೆಯಲ್ಲಿ ಬಾರದ ಪ್ರಶ್ನೆಗೆ ತರಗತಿಯಲ್ಲಿ ಎಡೆ ಇಲ್ಲದಾಯಿತು. ಮೇಲಿನ ಹಂತದಲ್ಲಿ ಸ್ಥಿತಿ ಇನ್ನೂ ಕಠಿಣವಾಗಿತ್ತು. 1857ರಲ್ಲಿ ಆರಂಭವಾದ ಮುಂಬಯಿ ವಿಶ್ವವಿದ್ಯಾಲಯವು 1860ರ ದಶಕದಲ್ಲಿಯೇ ಪದವಿ ಪರೀಕ್ಷೆಗಳಿಂದ ದೇಶಭಾಷೆಗಳನ್ನು ಕೈಬಿಟ್ಟಿತು. ಅವುಗಳನ್ನು ಮರಳಿ ತರಲು ಮಹಾದೇವ ಗೋವಿಂದ ರಾನಡೆಯವರು ದೀರ್ಘಕಾಲ ಹೆಣಗಬೇಕಾಯಿತು. ಕಾಲೇಜಿನಲ್ಲಿ ಕನ್ನಡವೇ ಇಲ್ಲವೆಂದಮೇಲೆ ಕನ್ನಡ ಸಾಹಿತ್ಯದ ಬಗ್ಗೆ ಪ್ರೌಢ ಪ್ರಶ್ನೆ ಎತ್ತುವ ವಿದ್ಯಾರ್ಥಿವರ್ಗವೂ ಇರಲಿಲ್ಲ.

ಈ ಕಾಲದಲ್ಲಿ ಭಾಷೆಯ ಬಗೆಗಿನ ಗಂಭೀರ ಪ್ರಶ್ನೆಗಳು ತರಗತಿಯ ಹೊರಗೆ ಹುಟ್ಟಿದವು. 1853ರಲ್ಲಿ ಭಾರತಕ್ಕೆ ಬಂದು ಧಾರವಾಡ ಸೀಮೆಯಲ್ಲಿಯೂ ಕೆಲಸ ಮಾಡಿದ ಫರ್ಡಿನಾಂಡ್ ಕಿಟೆಲ್ ಕನ್ನಡದ ಒಂದೊಂದು ಶಬ್ದದ ಮೂಲ, ಬಳಕೆ, ಸೀಮೆ ಕೇಳುತ್ತ ಹೋಗಿ 1894ರಲ್ಲಿ ನಿಘಂಟನ್ನು ಹೊರತಂದರು. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್ಸ್‌ಪೆಕ್ಟರರಾಗಿದ್ದ ಜೆ.ಎಫ್. ಫ್ಲೀಟ್ ಈ ಭಾಗದ ಶಾಸನಗಳನ್ನು ಓದಿ ಕನ್ನಡ ನಾಡಿನ ರಾಜವಂಶಗಳ ಕಾಲಕ್ರಮವನ್ನು ಕಟ್ಟಿದರು. ಮಕ್ಕಳ ಬಾಯಿಪಾಠ ತಪಾಸಣೆ ಮಾಡುವ ಹುದ್ದೆಯಲ್ಲಿದ್ದವರೇ ಕಲ್ಲುಗಳಿಗೆ ಪ್ರಶ್ನೆ ಹಾಕುತ್ತಿದ್ದರು. ಆ ಕಲ್ಲುಗಳು ನಿಂತಿದ್ದ ಊರಿನ ಮಕ್ಕಳಿಗೆ ಮಾತ್ರ ಅವುಗಳನ್ನು ಓದುವ ಪಾಠ ಇರಲಿಲ್ಲ.

ಟ್ರೇನಿಂಗ್ ಕಾಲೇಜಿನ ಪಾಠಟಿಪ್ಪಣಿ

ಶಿಕ್ಷಕರಿಗೆ ಪ್ರಶ್ನೆ ಕೇಳುವುದನ್ನೇ ಒಂದು ವಿದ್ಯೆಯಾಗಿ ಕಲಿಸಿದ್ದು ಟ್ರೇನಿಂಗ್ ಕಾಲೇಜು. ಧಾರವಾಡದ ನಾರ್ಮಲ್ ಶಾಲೆ ಬೆಳೆದು ಟ್ರೇನಿಂಗ್ ಕಾಲೇಜಾಯಿತು, ಅದರ ಜೊತೆಗೆ ನಮೂನೆ ಪಾಠಗಳಿಗಾಗಿ ಪ್ರಾಯೋಗಿಕ ಶಾಲೆ ನಡೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಭಾರತದ ಶಿಕ್ಷಕ ತರಬೇತಿಯಲ್ಲೆಲ್ಲ ಜರ್ಮನಿಯ ಹರ್ಬಾರ್ಟನ ಹೆಸರಿನ ಪಂಚಸೋಪಾನ ಕ್ರಮ ನೆಲೆಯೂರಿತು. ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಎಂಬ ಐದು ಮೆಟ್ಟಿಲುಗಳಲ್ಲಿ ಪಾಠ ನಡೆಯಬೇಕು, ಪ್ರತಿ ಮೆಟ್ಟಿಲಿಗೂ ತಕ್ಕ ಪ್ರಶ್ನೆಗಳನ್ನು ಪಾಠಟಿಪ್ಪಣಿಯಲ್ಲಿ ಮೊದಲೇ ಬರೆದುಕೊಳ್ಳಬೇಕು. ಮಕ್ಕಳಿಗೆ ಗೊತ್ತಿದ್ದುದರಿಂದ ಗೊತ್ತಿಲ್ಲದುದರ ಕಡೆಗೆ ಕೈಹಿಡಿದು ನಡೆಸುವುದು ಇದರ ಗುರಿ.

ಬಾಯಿಪಾಠದ ಸಾಲಿಗೆ ಇದು ನಿಜವಾದ ಸುಧಾರಣೆ. ಗಾದೆಯ ಅರ್ಥವನ್ನು ಮಾಸ್ತರರೇ ಹೇಳಿಬಿಡುವ ಬದಲು ಮಕ್ಕಳ ಮನೆಯ ಮಾತಿನಿಂದ ಉದಾಹರಣೆ ಹೊರಡಿಸುವುದು, ಸಂಧಿಯ ಸೂತ್ರವನ್ನು ಮೊದಲು ಹೇಳದೆ ಹತ್ತು ಶಬ್ದ ಕೊಟ್ಟು ಸೂತ್ರವನ್ನು ಅವರಿಂದಲೇ ಕಟ್ಟಿಸುವುದು ಈ ಕ್ರಮದ ಫಲ. ಕೊರತೆಯೂ ಒಂದಿತ್ತು. ಪಾಠಟಿಪ್ಪಣಿಯ ಒಂದು ಅಂಕಣದಲ್ಲಿ ಶಿಕ್ಷಕನ ಪ್ರಶ್ನೆ, ಇನ್ನೊಂದು ಅಂಕಣದಲ್ಲಿ ಮಕ್ಕಳ ನಿರೀಕ್ಷಿತ ಉತ್ತರ ಇರುತ್ತಿತ್ತು. ಮಕ್ಕಳ ಪ್ರಶ್ನೆಗೆ ಅಂಕಣವೇ ಇರಲಿಲ್ಲ.

ಈ ಕೊರತೆ ಧಾರವಾಡದ್ದು ಮಾತ್ರವಲ್ಲ. 1912ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ರೋಮಿಯೆಟ್ ಸ್ಟೀವನ್ಸ್ ತರಗತಿಗಳಲ್ಲಿ ಕುಳಿತು ಶಿಕ್ಷಕರ ಪ್ರಶ್ನೆಗಳನ್ನು ಎಣಿಸಿದಾಗ ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಬರೀ ನೆನಪನ್ನು ಪರೀಕ್ಷಿಸುವಂಥವು ಎಂದು ಕಂಡುಬಂತು. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣತಜ್ಞೆ ಇನ್ನೊಂದು ಸಂಗತಿಯನ್ನು ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುವ ಸಮಯ ಸರಾಸರಿ ಒಂದು ಸೆಕೆಂಡು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಕಾರಣ ಸಹಿತವಾದವು, ಮಕ್ಕಳೇ ಕೇಳುವ ಪ್ರಶ್ನೆಗಳೂ ಹೆಚ್ಚಿದವು.

ಒಂದು ಊರ ಹೆಸರು

ಪ್ರಶ್ನೆ ವಿದ್ಯಾರ್ಥಿಯ ಕೈಗೆ ಬಂದಾಗ ಭಾಷಾ ತರಗತಿಯಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಈ ಸೀಮೆಯ ಊರ ಹೆಸರುಗಳೇ ಉದಾಹರಣೆ ಒದಗಿಸುತ್ತವೆ. ಧಾರವಾಡ ತಾಲೂಕಿನಲ್ಲಿ ಹೆಬ್ಬಳ್ಳಿ ಎಂಬ ಊರಿದೆ. ಧಾರವಾಡ ಪಟ್ಟಣದ ಹಳೆಯ ಭಾಗದಲ್ಲಿ ಅದೇ ಹೆಸರು ಹೊತ್ತ ಹೆಬ್ಬಳ್ಳಿ ಅಗಸಿ ಇದೆ. ಹೆಬ್ಬಳ್ಳಿ ಎಂದರೇನು ಎಂದು ಕೇಳಿದರೆ ದೊಡ್ಡ ಹಳ್ಳಿ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಹಾಗಾದರೆ 'ಹೆ' ಎಂದರೆ ದೊಡ್ಡದು ಹೇಗಾಯಿತು, 'ಹಳ್ಳಿ' ಹೋಗಿ 'ಬಳ್ಳಿ' ಹೇಗೆ ಬಂತು, ಬಕಾರ ಇಮ್ಮಡಿಯಾದದ್ದು ಏಕೆ ಎಂದು ಕೇಳಿದಾಗ ನಿಜವಾದ ಪಾಠ ಶುರುವಾಗುತ್ತದೆ.

ಹೆಬ್ಬಾವು, ಹೆಬ್ಬುಲಿ, ಹೆಬ್ಬಾಗಿಲು, ಹೆಮ್ಮರ ಎಂಬ ಶಬ್ದಗಳನ್ನು ಸಾಲಾಗಿ ಇಟ್ಟರೆ ಒಂದು ಹೊಂದಿಕೆ ಕಾಣುತ್ತದೆ. ಹಳಗನ್ನಡದಲ್ಲಿ 'ಪೆರ್' ಎಂದರೆ ದೊಡ್ಡದು. ಅದರ ಮುಂದೆ ಪಾವು, ಪುಲಿ ಬಂದಾಗ ಸಮಾಸದಲ್ಲಿ ಪಕಾರಕ್ಕೆ ಬಕಾರ ಆದೇಶವಾಗಿ ಪೆರ್ಬಾವು, ಪೆರ್ಬುಲಿ ಆಗುತ್ತವೆ. ಮುಂದೆ ರೇಫೆ ಮುಂದಿನ ವ್ಯಂಜನದಲ್ಲಿ ಕರಗಿ ಇಮ್ಮಡಿಯಾಗುತ್ತದೆ, 10ನೇ ಶತಮಾನದಿಂದ ಮುಂದೆ ಕ್ರಮೇಣ ಪಕಾರ ಹಕಾರವಾಗುತ್ತದೆ. ಹೀಗೆ ಪೆರ್ ಮತ್ತು ಪಳ್ಳಿ ಕೂಡಿ ಪೆರ್ಬಳ್ಳಿ, ಅದರಿಂದ ಹೆಬ್ಬಳ್ಳಿ. ಊರ ಹೆಸರಿನಲ್ಲಿ ಆದೇಶಸಂಧಿ, ಸಮರೂಪತೆ, ಪಕಾರ-ಹಕಾರ ಬದಲಾವಣೆ ಮೂರೂ ಅಡಗಿವೆ.

ಇದೇ ಅಳತೆಗೋಲನ್ನು ಹುಬ್ಬಳ್ಳಿಗೆ ಹಿಡಿಯಬಹುದು. ಹೂವಿನ ಬಳ್ಳಿಯಿಂದ ಹುಬ್ಬಳ್ಳಿ ಆಯಿತು ಎಂಬುದು ಜನರ ಬಾಯಲ್ಲಿರುವ ಕಥೆ. ಪುರ್ಬಳ್ಳಿ ಎಂಬುದು ಅದರ ಹಳೆಯ ರೂಪವೆಂಬುದು ಇನ್ನೊಂದು ವಿವರಣೆ. ಹೂವಿನ ಬಳ್ಳಿ 'ಹೂಬಳ್ಳಿ' ಆಗಿ ನಿಲ್ಲಬೇಕಿತ್ತು. ದೀರ್ಘ ಸ್ವರ ಮೊಟಕಾದದ್ದೇಕೆ, ಬಕಾರ ಇಮ್ಮಡಿಯಾದದ್ದೇಕೆ ಎಂಬುದಕ್ಕೆ ಆ ಕಥೆಯಲ್ಲಿ ಉತ್ತರವಿಲ್ಲ. ಪೆರ್ಬಳ್ಳಿ ಹೆಬ್ಬಳ್ಳಿಯಾದ ದಾರಿಯಲ್ಲಿಯೇ ಪುರ್ಬಳ್ಳಿ ಹುಬ್ಬಳ್ಳಿಯಾಗುತ್ತದೆ. ಯಾವ ವಿವರಣೆ ಇಂಪಾಗಿದೆ ಎಂದು ನೋಡದೆ ಯಾವುದು ಹೆಚ್ಚು ಸಂಗತಿಗಳನ್ನು ಬಿಡಿಸುತ್ತದೆ ಎಂದು ನೋಡುವುದೇ ವಿಮರ್ಶಾಪ್ರಜ್ಞೆ. ಎಂಟನೆಯ ಇಯತ್ತೆಯ ಮಗುವೂ ಇದನ್ನು ಮಾಡಬಲ್ಲದು.

ಧಾರವಾಡದ ಒಬ್ಬ ಕನ್ನಡ ಶಿಕ್ಷಕರು ಇಂಥ ಪ್ರಶ್ನೆಯನ್ನೇ ಜೀವನದ ಕೆಲಸವಾಗಿ ಮಾಡಿಕೊಂಡರು. ಶಂಬಾ ಜೋಶಿ (1896–1991) ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವರು. ಅವರ ಬಳಿ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. 'ಕವಿರಾಜಮಾರ್ಗ' ಕನ್ನಡ ನಾಡು ಗೋದಾವರಿಯವರೆಗೆ ಹಬ್ಬಿತ್ತು ಎಂದು ಹೇಳುತ್ತದೆ. ಎಲ್ಲರೂ ಅದನ್ನು ಅಭಿಮಾನದಿಂದ ಹೇಳುತ್ತಿದ್ದ ಕಾಲದಲ್ಲಿ ಹಾಗಿದ್ದರೆ ಆ ಕನ್ನಡ ಎಲ್ಲಿ ಹೋಯಿತು ಎಂದು ಶಂಬಾ ಕೇಳಿದರು. ಮಹಾರಾಷ್ಟ್ರದ ಊರ ಹೆಸರುಗಳಲ್ಲಿ, ಮನೆತನದ ಹೆಸರುಗಳಲ್ಲಿ, ಆಚರಣೆಗಳಲ್ಲಿ ಅದರ ಜಾಡು ಹುಡುಕಿದರು. 'ಕಣ್ಮರೆಯಾದ ಕನ್ನಡ' 1933ರಲ್ಲಿ ಹೊರಬಂತು. 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಎಷ್ಟೋ ನಿರ್ಣಯಗಳನ್ನು ನಂತರದ ವಿದ್ವಾಂಸರು ಒಪ್ಪಿಲ್ಲ. ಅವರು ಎತ್ತಿದ ಪ್ರಶ್ನೆಗಳನ್ನು ಬಿಟ್ಟು ಮುಂದೆ ಹೋಗಲು ಯಾರಿಗೂ ಆಗಿಲ್ಲ.

ಕಾಲೇಜು, ಅಟ್ಟ, ಪತ್ರಿಕೆ

1890ರ ಜುಲೈ 20ರಂದು ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ ಕನ್ನಡದ ಪ್ರಶ್ನೆಗಳನ್ನು ಸಾರ್ವಜನಿಕ ಚರ್ಚೆಗೆ ತಂದಿತು. ರಾ.ಹ. ದೇಶಪಾಂಡೆಯವರು ಅದರ ಮೂಲಪುರುಷರು. ಸಂಘವು 1896ರಲ್ಲಿ ಆರಂಭಿಸಿದ 'ವಾಗ್ಭೂಷಣ' ಪತ್ರಿಕೆ ಮತ್ತು 1907ರಲ್ಲಿ ಧಾರವಾಡದಲ್ಲಿ ನಡೆದ ಗ್ರಂಥಕರ್ತರ ಸಮ್ಮೇಳನ ಭಾಷೆ, ಬರವಣಿಗೆ, ಪಠ್ಯಗಳ ಬಗೆಗಿನ ವಾದಗಳಿಗೆ ವೇದಿಕೆಯಾದವು. 1917ರಲ್ಲಿ ಕರ್ನಾಟಕ ಕಾಲೇಜು, 1939ರಲ್ಲಿ ಆರ್.ಎಸ್. ಪಂಚಮುಖಿಯವರ ನಿರ್ದೇಶನದಲ್ಲಿ ಕನ್ನಡ ಸಂಶೋಧನಾ ಸಂಸ್ಥೆ ಬಂದವು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂತು. ಆರ್.ಸಿ. ಹಿರೇಮಠರಂಥವರ ನೇತೃತ್ವದಲ್ಲಿ ಅಲ್ಲಿಯ ಕನ್ನಡ ವಿಭಾಗ ಹಸ್ತಪ್ರತಿ, ಶಾಸನ, ವಚನಗಳ ಅಧ್ಯಯನದಲ್ಲಿ ಹೆಸರು ಮಾಡಿತು. ಕೈಬರಹದ ನಾಲ್ಕು ಓಲೆಗಳಲ್ಲಿ ನಾಲ್ಕು ಪಾಠಗಳಿದ್ದಾಗ ಯಾವುದು ಮೂಲ ಎಂದು ಕಾರಣ ಕೊಟ್ಟು ನಿರ್ಣಯಿಸುವ ಗ್ರಂಥಸಂಪಾದನೆ ಭಾಷಾ ವಿದ್ಯಾರ್ಥಿಗೆ ಸಿಗುವ ಅತ್ಯುತ್ತಮ ವಿಮರ್ಶಾ ತರಬೇತಿ. ಯಾವ ಪಾಠವನ್ನೂ ಅದು ಅಲ್ಲಿದೆ ಎಂಬ ಕಾರಣಕ್ಕೆ ನಂಬಬಾರದು ಎಂಬುದು ಅದರ ಮೊದಲ ನಿಯಮ.

ತರಗತಿಯ ಗೋಡೆಯ ಹೊರಗೂ ಧಾರವಾಡದಲ್ಲಿ ವಿದ್ಯಾರ್ಥಿಗಳಿಗೆ ವಾದದ ಜಾಗಗಳಿದ್ದವು. 1920ರ ದಶಕದಲ್ಲಿ ಕವಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಸೇರಿತು. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟ ಲೇಖಕರ ಕೂಟವಾಯಿತು. ಕೀರ್ತಿನಾಥ ಕುರ್ತಕೋಟಿಯವರ ವಿಮರ್ಶೆ, ಕರ್ನಾಟಕ ಕಾಲೇಜಿನ ಪದವೀಧರ ಗಿರೀಶ ಕಾರ್ನಾಡರ ನಾಟಕಗಳು ಈ ಅಟ್ಟದ ಮಾತುಕತೆಯ ನಂಟು ಉಳ್ಳವು. ಅಲ್ಲಿ ಕಾಲೇಜಿನ ಹುಡುಗನೂ ಹಿರಿಯ ಲೇಖಕನೂ ಒಂದೇ ಹಾಸಿಗೆಯ ಮೇಲೆ ಕುಳಿತು ಒಂದು ಪುಸ್ತಕದ ಬಗ್ಗೆ ಜಗಳಾಡಬಹುದಿತ್ತು. 1964ರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಎಂಬ ಮೂವರು ತರುಣರು 'ಸಂಕ್ರಮಣ' ಪತ್ರಿಕೆ ಆರಂಭಿಸಿದರು. ಪ್ರಶ್ನಿಸುವ ಪೀಳಿಗೆಯೊಂದು ಆ ಪುಟಗಳಲ್ಲಿ ತನ್ನ ದನಿಯನ್ನು ಕಂಡುಕೊಂಡಿತು.

ಪ್ರಶ್ನೆಗೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನೂ ಧಾರವಾಡ ಕಂಡಿದೆ. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಪ್ರಾಧ್ಯಾಪಕರಾಗಿದ್ದ ಎಂ.ಎಂ. ಕಲಬುರ್ಗಿ (1938–2015) ಆಕರದ ಆಧಾರವಿಲ್ಲದ ಮಾತನ್ನು ಒಪ್ಪದವರು. 1989ರಲ್ಲಿ ಅವರ 'ಮಾರ್ಗ' ಸಂಪುಟದ ಕೆಲವು ಬರಹಗಳಿಗೆ ಪ್ರಬಲ ವಿರೋಧ ಬಂದು ಅವರು ಅವುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅಷ್ಟಕ್ಕೆ ಅವರ ಸಂಶೋಧನೆ ನಿಲ್ಲಲಿಲ್ಲ. 'ಮಾರ್ಗ' ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಅವರ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಶಂಕೆ ಎತ್ತುವುದನ್ನು ಶಿಷ್ಯನ ಕರ್ತವ್ಯವೆಂದು ತಿಳಿದ ನಾಡಿಗೆ ಇದಕ್ಕಿಂತ ದೊಡ್ಡ ಆಘಾತ ಇನ್ನೊಂದಿಲ್ಲ.

ಮನೆಯ ಮಾತು, ಪುಸ್ತಕದ ಮಾತು

ಮಕ್ಕಳ ಬಾಯಿ ಕಟ್ಟಿಸಿದ ಕಾರಣಗಳಲ್ಲಿ ಆಡುನುಡಿಯ ಬಗೆಗಿನ ತಾತ್ಸಾರವೂ ಒಂದು. ಮರಾಠಿಯ ಜಾಗಕ್ಕೆ ಕನ್ನಡ ಬಂದ ಮೇಲೂ ಪುಸ್ತಕದ ಕನ್ನಡ ಮನೆಯ ಕನ್ನಡದಿಂದ ದೂರವೇ ಉಳಿಯಿತು. ಮಗು 'ಹಂಗ್ಯಾಕ್ರಿ?' ಎಂದು ಕೇಳಿದರೆ 'ಹಾಗೇಕೆ ಎನ್ನು' ಎಂದು ತಿದ್ದುವುದು ಎಷ್ಟೋ ತರಗತಿಗಳ ರೂಢಿ. ಮಾತು ತಿದ್ದಿದ್ದಾಯಿತು, ಪ್ರಶ್ನೆ ಅಲ್ಲಿಯೇ ಉಳಿಯಿತು. ಎರಡು ಸಲ ಹೀಗಾದ ಮಗು ಮೂರನೆಯ ಸಲ ಕೈ ಎತ್ತುವುದಿಲ್ಲ. ಹೆಣ್ಣುಮಕ್ಕಳಿಗೆ ಇದರ ಜೊತೆಗೆ ದೊಡ್ಡ ದನಿಯಲ್ಲಿ ಮಾತಾಡಬಾರದೆಂಬ ಮನೆಯ ಕಟ್ಟಳೆಯೂ ಸೇರುತ್ತಿತ್ತು. ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲಿಯೇ ದೊಡ್ಡ ಕಾವ್ಯ ಬರೆದು ತೋರಿಸಿದ ನಾಡಿನಲ್ಲಿ ಆ ಮಾತು ಪ್ರಶ್ನೆ ಕೇಳಲು ಸಾಲದು ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಮಗು ತನ್ನ ಮಾತಿನಲ್ಲಿ ಕೇಳಲಿ, ಉತ್ತರ ಕಟ್ಟುವಾಗ ಪುಸ್ತಕದ ಮಾತನ್ನು ಕಲಿಯಲಿ ಎಂಬುದೇ ಸರಿಯಾದ ಕ್ರಮ.

ಪ್ರಶ್ನೆಪತ್ರಿಕೆಯ ಆಳ್ವಿಕೆ

1980ರಲ್ಲಿ ನೇಮಕವಾದ ವಿ.ಕೃ. ಗೋಕಾಕ ಸಮಿತಿಯ ವರದಿ, ಅದರ ಜಾರಿಗಾಗಿ 1982ರಲ್ಲಿ ನಡೆದ ಚಳವಳಿ ಪ್ರೌಢಶಾಲೆಯಲ್ಲಿ ಕನ್ನಡದ ಸ್ಥಾನವನ್ನು ಗಟ್ಟಿ ಮಾಡಿದವು. ಆ ಚಳವಳಿಯ ಮೊದಲ ಕಾವು ಹುಟ್ಟಿದ ಊರುಗಳಲ್ಲಿ ಧಾರವಾಡ ಮುಖ್ಯವಾದದ್ದು. ಕನ್ನಡಕ್ಕೆ ಅಂಕ ದೊರೆಯಿತು. ಆ ಅಂಕ ಯಾವ ಬಗೆಯ ಪ್ರಶ್ನೆಗೆ ಸಲ್ಲಬೇಕು ಎಂಬ ಚರ್ಚೆಗೆ ಅಷ್ಟೇ ಕಾವು ಬರಲಿಲ್ಲ.

ಕನ್ನಡ ಪ್ರಶ್ನೆಪತ್ರಿಕೆಯ ಅಂಗಗಳು ಎಲ್ಲರಿಗೂ ಪರಿಚಿತ. ಒಂದು ವಾಕ್ಯದಲ್ಲಿ ಉತ್ತರಿಸಿ, ಹೊಂದಿಸಿ ಬರೆಯಿರಿ, ಪದ್ಯಭಾಗ ಪೂರ್ಣಗೊಳಿಸಿ, ಗಾದೆ ವಿಸ್ತರಿಸಿ, ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ. 1956ರಲ್ಲಿ ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಕಲಿಕೆಯ ಉದ್ದೇಶಗಳನ್ನು ನೆನಪಿನಿಂದ ಮೌಲ್ಯನಿರ್ಣಯದವರೆಗೆ ಮೆಟ್ಟಿಲುಗಳಾಗಿ ವಿಂಗಡಿಸಿದ್ದು ಇಲ್ಲಿಯೂ ಪ್ರಭಾವ ಬೀರಿತು. ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಜ್ಞಾನ, ತಿಳಿವಳಿಕೆ, ಅನ್ವಯ ಎಂಬ ಅಂಕಣಗಳು ಬಂದವು. ಆದರೆ ಸಂದರ್ಭ, ಸ್ವಾರಸ್ಯಗಳ ಉತ್ತರಗಳು ಗೈಡುಗಳಲ್ಲಿ ಸಿದ್ಧವಾಗಿ ಸಿಗತೊಡಗಿದಾಗ ತಿಳಿವಳಿಕೆಯ ಪ್ರಶ್ನೆಯೂ ನೆನಪಿನ ಪ್ರಶ್ನೆಯಾಯಿತು. ಕವಿತೆಯ ಸ್ವಾರಸ್ಯ ಒಂದೇ ಎಂದೂ ಅದನ್ನು ಬೇರೊಬ್ಬರು ಮೊದಲೇ ಕಂಡಿದ್ದಾರೆ ಎಂದೂ ವಿದ್ಯಾರ್ಥಿ ನಂಬುವಂತಾಯಿತು.

ಬದಲಾವಣೆಯ ಪ್ರಯತ್ನಗಳೂ ನಡೆದಿವೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಚಿಕ್ಕ ಮಕ್ಕಳ ತರಗತಿಯಲ್ಲಿ ಮಾತಿಗೂ ಚಟುವಟಿಕೆಗೂ ಜಾಗ ಮಾಡಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಾಯಿಪಾಠದಿಂದ ಕಲಿಕೆಯನ್ನು ಬಿಡಿಸಬೇಕೆಂದು ಹೇಳಿತು, ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಶಾಲೆಗಳಿಗೆ ಬಂತು. ಹತ್ತನೆಯ ತರಗತಿ ಹತ್ತಿರವಾದಂತೆ ಇವೆಲ್ಲ ಹಿಂದೆ ಸರಿದು ಹಳೆಯ ತಪಾಸಣೆಯ ಪ್ರಶ್ನೆಯೇ ಮುಂದೆ ಬಂದು ನಿಲ್ಲುತ್ತದೆ.

ಈ ಚರಿತ್ರೆಯಿಂದ ಹೊರಡುವ ನಿರ್ಣಯ ಸ್ಪಷ್ಟವಾಗಿದೆ. ಧಾರವಾಡ ಸೀಮೆಯಲ್ಲಿ ಪ್ರಶ್ನಿಸುವ ಶಕ್ತಿಗೆ ಎಂದೂ ಬರವಿರಲಿಲ್ಲ. ಲಾವಣಿಯ ಮೇಳದಲ್ಲಿ, ಮಠದ ಗೋಷ್ಠಿಯಲ್ಲಿ, ಗ್ರಂಥಮಾಲೆಯ ಅಟ್ಟದಲ್ಲಿ ಅದು ಬೆಳೆಯಿತು. ತರಗತಿಯಲ್ಲಿ ಅದಕ್ಕೆ ಸಮಯ, ಅಂಕ, ಅಂಕಣ ಮೂರೂ ಸಿಗಲಿಲ್ಲ. ಇವನ್ನು ಒದಗಿಸಲು ಹೊಸ ಕಟ್ಟಡವಾಗಲಿ ಹೊಸ ಯಂತ್ರವಾಗಲಿ ಬೇಕಿಲ್ಲ. ವಾರದಲ್ಲಿ ಒಂದು ಅವಧಿ ಮಕ್ಕಳ ಪ್ರಶ್ನೆಗೆ ಮೀಸಲಾಗಲಿ. ಪಾಠಟಿಪ್ಪಣಿಯಲ್ಲಿ ಮಕ್ಕಳು ಕೇಳಿದ್ದನ್ನು ಬರೆದುಕೊಳ್ಳಲು ಒಂದು ಅಂಕಣ ಇರಲಿ. ಕನ್ನಡ ಪ್ರಶ್ನೆಪತ್ರಿಕೆಯ ಕೊನೆಯಲ್ಲಿ, ಓದಿದ ಪಾಠದ ಮೇಲೆ ವಿದ್ಯಾರ್ಥಿಯೇ ಒಂದು ಪ್ರಶ್ನೆ ಕಟ್ಟಿ ಅದು ಏಕೆ ಮುಖ್ಯ ಎಂದು ಬರೆಯಲು ಐದು ಅಂಕ ಸಿಗಲಿ.